ಹೇನಸ್: ಕೃತ್ಯಕ್ಕೆ ಸಲ್ಲುವ ಮಾತು

(ಕೋಲಾರದಲ್ಲಿ ಕಾನೂನು, ಪತ್ರಿಕೋದ್ಯಮ ಮತ್ತು ಇಂಗ್ಲಿಷ್ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಉಪನ್ಯಾಸದ ಬರಹ ರೂಪ)

ಸಭೆಯಲ್ಲಿರುವ ಹಿರಿಯರಿಗೂ ವಿದ್ಯಾರ್ಥಿ ಮಿತ್ರರಿಗೂ ನಮಸ್ಕಾರ.

ಇಂಗ್ಲಿಷಿನ ಒಂದೇ ಒಂದು ವಿಶೇಷಣವನ್ನು ಹಿಡಿದುಕೊಂಡು ಇಷ್ಟು ಹೊತ್ತು ಮಾತನಾಡುವುದಕ್ಕೆ ಕಾರಣವಿದೆ. ‘ಹೇನಸ್’ (heinous), ಅಂದರೆ ಅತಿ ದುಷ್ಟವಾದ, ಘೋರವಾದ ಎಂಬ ಅರ್ಥದ ಈ ಪದ ನಿಮ್ಮಲ್ಲಿ ವಕೀಲರಾಗುವವರಿಗೆ ತೀರ್ಪುಗಳಲ್ಲಿ ಎದುರಾಗುತ್ತದೆ, ವರದಿಗಾರರಾಗುವವರಿಗೆ ಅಪರಾಧ ಸುದ್ದಿಯ ಮೊದಲ ಸಾಲಿನಲ್ಲೇ ಬೇಕಾಗುತ್ತದೆ, ಇಂಗ್ಲಿಷ್ ಪಾಠ ಹೇಳುವವರಿಗೆ ಎಂದಾದರೊಂದು ದಿನ ಮಕ್ಕಳು ಅದರ ಅರ್ಥ ಕೇಳುತ್ತಾರೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ಎರಡೂ, ಕಾಲೇಜಿನಲ್ಲಿ ಇಂಗ್ಲಿಷ್ ಎಂದು ಬೆಳೆದ ಈ ಗಡಿಭಾಗದ ಹುಡುಗ ಹುಡುಗಿಯರು ಹೊಸ ಭಾಷೆಯಲ್ಲಿ ಮೆಚ್ಚುಗೆ ಹೇಳುವುದನ್ನೂ ಬೇಡಿಕೆ ಸಲ್ಲಿಸುವುದನ್ನೂ ಬೇಗ ಕಲಿಯುತ್ತಾರೆ. ಖಂಡಿಸುವುದನ್ನು ಕಲಿಯುವುದು ಮಾತ್ರ ತಡವಾಗುತ್ತದೆ. ಖಂಡನೆಯ ಪದವನ್ನು ಆಡುವವನು ಒಂದು ತೀರ್ಪನ್ನೇ ಕೊಡುತ್ತಿರುತ್ತಾನೆ. ಯಾವುದರ ಮೇಲೆ, ಯಾವ ಆಧಾರದ ಮೇಲೆ ಎಂಬುದನ್ನು ಅರಿತು ಕೊಡಬೇಕಾದ ತೀರ್ಪು ಅದು.

ಮೊದಲು ಉಚ್ಚಾರಣೆ, ಏಕೆಂದರೆ ಗೊಂದಲ ಅಲ್ಲಿಂದಲೇ ಹುಟ್ಟುತ್ತದೆ. ಅಕ್ಷರಗಳನ್ನು ನೋಡಿ ನಮ್ಮಲ್ಲಿ ಹಲವರು ‘ಹೀನಸ್’ ಎನ್ನುತ್ತಾರೆ, ಕೆಲವರು ‘ಹೈನಸ್’ ಎನ್ನುತ್ತಾರೆ. ‘ವೇನ್’, ‘ರೇನ್’ ಎಂಬಂತೆ, ರಕ್ತನಾಳಕ್ಕೂ ಕುದುರೆಯ ಲಗಾಮಿಗೂ ಇಂಗ್ಲಿಷಿನಲ್ಲಿರುವ ಪದಗಳಂತೆ, ಇದರ ಮೊದಲ ಸ್ವರ ‘ಏ’ಕಾರ, ಒತ್ತು ಮೊದಲ ಅಕ್ಷರದ ಮೇಲೆ. ‘ಹೀನಸ್’ ಎಂದರೆ ಏನು ಮುಳುಗಿತು ಎಂದು ಕೇಳಬಹುದು. ಉಚ್ಚಾರಣೆಯ ತಪ್ಪಷ್ಟೇ ಆಗಿದ್ದರೆ ನಾನು ಅದನ್ನು ಒಂದು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತಿದ್ದೆ. ಆದರೆ ಹಾಗೆ ಉಚ್ಚರಿಸುವ ವಿದ್ಯಾರ್ಥಿ ತನಗೆ ತಿಳಿಯದಂತೆಯೇ ಆ ಪದದೊಳಗೆ ಕನ್ನಡದ ‘ಹೀನ’ವನ್ನು ಕೇಳಿಸಿಕೊಳ್ಳುತ್ತಾನೆ, ಮತ್ತು ಅರ್ಥವೂ ಅದೇ ಇರಬೇಕು ಎಂದುಕೊಳ್ಳುತ್ತಾನೆ.

ಎರಡಕ್ಕೂ ಯಾವ ಸಂಬಂಧವೂ ಇಲ್ಲ. ‘ಹೀನ’, ಮತ್ತು ಪತ್ರಿಕೆಗಳು ದಿನವೂ ಬಳಸುವ ‘ಹೇಯ’, ಎರಡೂ ಬಿಡು, ತೊರೆ ಎಂಬ ಅರ್ಥದ ಸಂಸ್ಕೃತ ಧಾತುವಿನಿಂದ ಬಂದವು. ಹೇಯವೆಂದರೆ ತೊರೆಯಬೇಕಾದದ್ದು, ಹೀನವೆಂದರೆ ತೊರೆಯಲ್ಪಟ್ಟದ್ದು, ಕೊರತೆಯುಳ್ಳದ್ದು, ಆ ದಾರಿಯಲ್ಲಿ ಸಾಗಿ ಕೊನೆಗೆ ಕೀಳಾದದ್ದು. ‘ಹೇನಸ್’ ಬಂದದ್ದು ಹಳೆಯ ಫ್ರೆಂಚಿನ ದ್ವೇಷವಾಚಿ ಪದವೊಂದರಿಂದ, ಹದಿನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ. ಆ ಫ್ರೆಂಚ್ ಪದದ ಮೂಲ ಜರ್ಮಾನಿಕ್ ಭಾಷೆಯಲ್ಲಿದೆ. ಇಂಗ್ಲಿಷಿನ ‘ಹೇಟ್’ ಕೂಡ ಅದೇ ಕುಟುಂಬದ್ದು. ಒಂದು ಪದ ಇಂಗ್ಲಿಷಿನಲ್ಲೇ ಮೊದಲಿನಿಂದ ಇತ್ತು, ಇನ್ನೊಂದು ಫ್ರಾನ್ಸನ್ನು ಸುತ್ತಿಕೊಂಡು ಬಂತು. ಆದ್ದರಿಂದ ‘ಹೇನಸ್’ ಎಂದರೆ ಮೂಲದಲ್ಲಿ ದ್ವೇಷಿಸಲು ತಕ್ಕದ್ದು. ಇಂದಿನ ಬಳಕೆಯಲ್ಲಿ, ಮನುಷ್ಯರ ಮನಸ್ಸು ಸಹಿಸಲಾರದಷ್ಟು ದುಷ್ಟವಾದದ್ದು.

ಈ ವ್ಯತ್ಯಾಸ ನನಗೆ ಏಕೆ ಮುಖ್ಯವೆಂದರೆ, ನಮ್ಮ ‘ಹೀನ’ ಎಂಬ ಪದಕ್ಕೆ ಒಂದು ಕೆಟ್ಟ ಚರಿತ್ರೆ ಇದೆ. ಹೀನ ಕುಲ, ಹೀನ ಜಾತಿ ಎಂದು ಹುಟ್ಟಿನ ಮೇಲೆ, ಏನನ್ನೂ ಮಾಡದ ಮನುಷ್ಯರ ಮೇಲೆ ಅದನ್ನು ಶತಮಾನಗಳ ಕಾಲ ಹೇರಿದ್ದೇವೆ. ತೊಟ್ಟಿಲಲ್ಲಿ ಮಲಗಿದ ಕೂಸಿಗೂ ಆ ವಿಶೇಷಣ ಅಂಟುತ್ತಿತ್ತು. ‘ಹೇನಸ್’ ಹಾಗೆ ಅಂಟಲಾರದು. ಒಬ್ಬನು ಒಂದು ಕೆಲಸವನ್ನು ಬೇಕೆಂದೇ ಮಾಡುವವರೆಗೆ ಆ ಪದಕ್ಕೆ ಕೂರಲು ಜಾಗವೇ ಇಲ್ಲ. ಮಾಡಿದವನು ಯಾರ ಮಗ, ಯಾವ ಕೇರಿಯವನು ಎಂಬುದು ಅದಕ್ಕೆ ಬೇಡ. ಕೋಲಾರದ ವಿದ್ಯಾರ್ಥಿಯೊಬ್ಬ ‘ಹೀನಸ್’ ಎಂದಾಗ ನಾನು ನಿಲ್ಲಿಸಿ ತಿದ್ದುವುದು ಇದಕ್ಕಾಗಿ: ಹುಟ್ಟನ್ನು ಖಂಡಿಸುವ ಪದದ ನೆರಳು ಕೃತ್ಯವನ್ನು ಖಂಡಿಸುವ ಪದದ ಮೇಲೆ ಬೀಳಬಾರದು.

ಇನ್ನು ಈ ವಿಶೇಷಣ ಯಾವ ವಿಶೇಷ್ಯದ ಜೊತೆ ಕೂಡುತ್ತದೆ ಎಂಬುದನ್ನು ನೋಡೋಣ. ‘ಹೇನಸ್ ಕ್ರೈಮ್’, ‘ಹೇನಸ್ ಆಕ್ಟ್’, ‘ಹೇನಸ್ ಆಫೆನ್ಸ್’ ಸಹಜ. ‘ಹೇನಸ್ ಆಕ್ಸಿಡೆಂಟ್’ ಎಂಬುದಿಲ್ಲ, ಅಪಘಾತದಲ್ಲಿ ಎಷ್ಟೇ ಜನ ಸತ್ತರೂ ಇಲ್ಲ, ಏಕೆಂದರೆ ಅಪಘಾತಕ್ಕೆ ಸಂಕಲ್ಪವಿಲ್ಲ. ‘ಹೇನಸ್ ಮಿಸ್ಟೇಕ್’ ಕೂಡ ಕಿವಿಗೆ ಒಡೆದಂತೆ ಕೇಳುತ್ತದೆ. ತಿಳಿಯದೆ ಮಾಡಿದ್ದು ತಪ್ಪು, ತಿಳಿದು ಮಾಡಿದ್ದು ದುಷ್ಕೃತ್ಯ. ರೋಗ, ಬರ, ಬಡತನ ಇವು ಎಷ್ಟು ಭೀಕರವಾದರೂ ‘ಹೇನಸ್’ ಆಗವು. ಆದರೆ ಬರ ಪರಿಹಾರದ ಹಣವನ್ನು ನುಂಗಿದವನ ಕೆಲಸಕ್ಕೆ ಆ ಪದವನ್ನು ಬಳಸಬೇಕೇ ಬೇಡವೇ ಎಂಬ ಚರ್ಚೆಗೆ ಅರ್ಥವಿದೆ, ಏಕೆಂದರೆ ಅಲ್ಲಿ ಕರ್ತೃ ಇದ್ದಾನೆ.

ವಿದ್ಯಾರ್ಥಿಗಳ ಬರವಣಿಗೆಯಲ್ಲಿ ನಾನು ಹೆಚ್ಚು ಕಾಣುವ ಜೋಡಿ ‘ಹೇನಸ್ ಇನ್ಸಿಡೆಂಟ್’. ಇದು ಎಲ್ಲಿಂದ ಬಂತು ಎಂದು ಹುಡುಕಬೇಕಾಗಿಲ್ಲ. ‘ಹೇಯ ಘಟನೆ’, ‘ಅಮಾನವೀಯ ಘಟನೆ ನಡೆದಿದೆ’ ಎಂದು ನಮ್ಮ ಪತ್ರಿಕೆಗಳು ಬರೆಯುತ್ತವೆ. ಘಟನೆ ತಾನಾಗಿ ನಡೆಯುತ್ತದೆ, ಮಳೆ ಬಂದಂತೆ. ಹೆಣ್ಣುಮಗಳೊಬ್ಬಳನ್ನು ಹೊಡೆದು ಕೊಂದದ್ದು ತಾನಾಗಿ ನಡೆಯುವುದಿಲ್ಲ. ಯಾರೋ ಕೈ ಎತ್ತಬೇಕು. ವಿಶೇಷಣವನ್ನು ಎಷ್ಟು ಬಲವಾಗಿ ಇಟ್ಟರೂ ಅದರ ಪಕ್ಕದ ನಾಮಪದ ಕರ್ತೃವನ್ನು ಮರೆಮಾಡಿದರೆ ಖಂಡನೆ ಯಾರಿಗೂ ತಾಗುವುದಿಲ್ಲ. ‘ಇನ್ಸಿಡೆಂಟ್’ ತೆಗೆದು ‘ಆಕ್ಟ್’ ಇಡಿ. ಕೂಡಲೇ ವಾಕ್ಯ ‘ಯಾರು’ ಎಂದು ಕೇಳತೊಡಗುತ್ತದೆ. ಕನ್ನಡದಲ್ಲಿ ಬರೆಯುವಾಗಲೂ ‘ಘಟನೆ’ಯ ಜಾಗದಲ್ಲಿ ‘ಕೃತ್ಯ’ ಎಂದು ಬರೆಯುವ ಅಭ್ಯಾಸವನ್ನು ನಮ್ಮ ವರದಿಗಾರರು ಮಾಡಿಕೊಳ್ಳಬೇಕೆಂದು ನನ್ನ ಬಲವಾದ ಅಪೇಕ್ಷೆ.

ಸುತ್ತಲಿನ ಪದಗಳನ್ನು ಬೇಗನೆ ಗುರುತಿಸಿಬಿಡುತ್ತೇನೆ. ‘ಡಿಪ್ಲೋರಬಲ್’ ಎಂಬುದರ ಮೂಲದಲ್ಲಿ ಅಳುವಿದೆ. ಸರ್ಕಾರಿ ಹಾಸ್ಟೆಲಿನ ಸ್ಥಿತಿಗೆ ಅದು ಸರಿ, ಅಪರಾಧಿಯ ಹೊಣೆಯನ್ನು ಅದು ಅಷ್ಟಾಗಿ ಹೇಳುವುದಿಲ್ಲ. ‘ಡೆಸ್ಪಿಕಬಲ್’ ಎಂದರೆ ಮೇಲಿನಿಂದ ಕೆಳಗೆ ನೋಡುವಂಥದ್ದು. ಅದು ವ್ಯಕ್ತಿಯ ಮೇಲೂ ಸುಲಭವಾಗಿ ಕೂರುತ್ತದೆ, ಆದ್ದರಿಂದ ಅದನ್ನು ಬಳಸುವಾಗ ಹೆಚ್ಚು ಎಚ್ಚರ ಬೇಕು. ‘ರೆಪ್ರಿಹೆನ್ಸಿಬಲ್’, ಅಂದರೆ ಆಕ್ಷೇಪಕ್ಕೆ ತಕ್ಕದ್ದು, ಇವೆಲ್ಲಕ್ಕಿಂತ ತಣ್ಣಗಿನ ಪದ, ಶಿಸ್ತು ಕ್ರಮದ ಆದೇಶಗಳಿಗೆ ಒಗ್ಗುವಂಥದ್ದು. ‘ಇಗ್ರೀಜಿಯಸ್’ ಮೂಲದಲ್ಲಿ ಹಿಂಡಿನಿಂದ ಎದ್ದು ಕಾಣುವುದು ಎಂದಿದ್ದು, ಒಂದು ಕಾಲಕ್ಕೆ ಹೊಗಳಿಕೆಯೂ ಆಗಿತ್ತು. ಈಗ ಕಣ್ಣಿಗೆ ರಾಚುವ ಲೋಪಕ್ಕೆ ಮಾತ್ರ ಸಲ್ಲುತ್ತದೆ. ‘ಅಟ್ರೋಶಸ್’ ಕ್ರೌರ್ಯದ ಪದವಾಗಿ ಹುಟ್ಟಿ, ಕೆಟ್ಟ ಕೈಬರಹಕ್ಕೂ ಕೆಟ್ಟ ಕಾಫಿಗೂ ಬಳಕೆಯಾಗಿ ಸವೆದುಹೋಯಿತು. ಕನ್ನಡದಲ್ಲಿ ‘ಭಯಂಕರ ಚೆನ್ನಾಗಿದೆ’ ಎಂದು ಊಟವನ್ನು ಹೊಗಳುವ ಕಾಲ ಬಂದಿರುವುದು ನಿಮಗೆಲ್ಲ ಗೊತ್ತಿದೆ. ‘ಹೇನಸ್’ ಅಷ್ಟಾಗಿ ಸವೆಯದೆ ಉಳಿದದ್ದಕ್ಕೆ ನ್ಯಾಯಾಲಯದ ಬಳಕೆಯೂ ಒಂದು ಕಾರಣವೆಂದು ನಾನು ತಿಳಿದಿದ್ದೇನೆ.

ನ್ಯಾಯಾಲಯದ ಆ ಬಳಕೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಭಾರತದಲ್ಲಿ ಈ ವಿಶೇಷಣಕ್ಕೆ ಕಾನೂನಿನ ವ್ಯಾಖ್ಯೆಯೇ ಇದೆ. 2015ರ ಬಾಲ ನ್ಯಾಯ ಕಾಯ್ದೆ, ಮಕ್ಕಳು ಎಸಗಿದರೆನ್ನಲಾದ ಅಪರಾಧಗಳನ್ನು ಮೂರು ಬಗೆಯಾಗಿ ವಿಂಗಡಿಸಿತು: ಗರಿಷ್ಠ ಶಿಕ್ಷೆ ಮೂರು ವರ್ಷದವರೆಗಿನ ಸಣ್ಣ ಅಪರಾಧ, ಮೂರರಿಂದ ಏಳು ವರ್ಷದ ಗಂಭೀರ ಅಪರಾಧ, ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿರುವ ‘ಹೇನಸ್’ ಅಪರಾಧ. ಕನ್ನಡದಲ್ಲಿ ಇದನ್ನು ಸಾಮಾನ್ಯವಾಗಿ ಘೋರ ಅಪರಾಧ ಎನ್ನುತ್ತಾರೆ. ಹದಿನಾರು ತುಂಬಿ ಹದಿನೆಂಟು ತುಂಬದ ಹುಡುಗನೊಬ್ಬನ ಮೇಲಿನ ಆರೋಪ ಈ ಮೂರನೆಯ ಬಗೆಗೆ ಸೇರಿದರೆ, ಬಾಲ ನ್ಯಾಯ ಮಂಡಳಿ ಅವನ ಮಾನಸಿಕ ಮತ್ತು ದೈಹಿಕ ಸಾಮರ್ಥ್ಯವನ್ನೂ, ಕೃತ್ಯದ ಪರಿಣಾಮವನ್ನು ಅರಿಯುವ ಶಕ್ತಿಯನ್ನೂ, ಸಂದರ್ಭವನ್ನೂ ಪರಿಶೀಲಿಸಿ, ಅವನನ್ನು ವಯಸ್ಕನಂತೆ ವಿಚಾರಣೆಗೆ ಒಳಪಡಿಸಬೇಕೆ ಎಂದು ನಿರ್ಧರಿಸಬಹುದು. ಒಂದು ವಿಶೇಷಣ ಅಂಟಿತೇ ಇಲ್ಲವೇ ಎಂಬುದರ ಮೇಲೆ ಒಬ್ಬ ಬಾಲಕನ ಮುಂದಿನ ಬದುಕು ನಿಂತಿದೆ.

ಈ ವ್ಯಾಖ್ಯೆಯಲ್ಲಿ ಒಂದು ಬಿರುಕೂ ಇತ್ತು. ಗರಿಷ್ಠ ಶಿಕ್ಷೆ ಏಳು ವರ್ಷಕ್ಕಿಂತ ಹೆಚ್ಚಿದ್ದು, ಕನಿಷ್ಠ ಶಿಕ್ಷೆ ಗೊತ್ತುಪಡಿಸದ ಅಪರಾಧಗಳು ಎಲ್ಲಿ ಸೇರಬೇಕು? ಕೊಲೆಯಲ್ಲದ ದಂಡನೀಯ ನರಹತ್ಯೆ ಅಂಥದ್ದು, ಸುಲಿಗೆಯೂ ಅಂಥದ್ದು. ದೆಹಲಿಯಲ್ಲಿ ಬಾಲಕನೊಬ್ಬ ಓಡಿಸಿದ ಕಾರಿಗೆ ಸಿಕ್ಕಿ ಒಬ್ಬರು ಸತ್ತ ಪ್ರಕರಣದಲ್ಲಿ ಈ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, 2020ರ ಜನವರಿಯಲ್ಲಿ ನ್ಯಾಯಾಲಯ ಇಂಥವು ‘ಹೇನಸ್’ ಆಗುವುದಿಲ್ಲ, ಗಂಭೀರ ಅಪರಾಧಗಳ ಸಾಲಿಗೆ ಸೇರುತ್ತವೆ ಎಂದಿತು. 2021ರ ತಿದ್ದುಪಡಿ ಅದನ್ನು ಕಾಯ್ದೆಯಲ್ಲೇ ಸೇರಿಸಿತು. ಸತ್ತವರ ಮನೆಯವರ ಸಂಕಟವನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಪದವನ್ನು ಹಿಗ್ಗಿಸಿದರೆ ಮಗುವೊಂದಕ್ಕೆ ಕಾನೂನು ಕೊಟ್ಟ ರಕ್ಷಣೆ ಕುಗ್ಗುತ್ತದೆ ಎಂದಿರುವಾಗ, ಶಾಸನಸಭೆ ಬರೆದದ್ದಕ್ಕಿಂತ ಒಂದು ಗೆರೆಯೂ ಆಚೆಗೆ ಅದನ್ನು ಎಳೆಯಬಾರದು ಎಂಬ ಆ ಎಚ್ಚರ ನನಗೆ ಅತ್ಯಂತ ಸರಿಯಾಗಿ ಕಂಡಿದೆ.

ಇನ್ನೊಂದು ಕಡೆ ಇದೇ ಪದ ನೊಂದವರ ಪರವಾಗಿ ಕೆಲಸ ಮಾಡುತ್ತದೆ. ಎರಡೂ ಕಡೆಯವರು ರಾಜಿಯಾಗಿದ್ದಾರೆ, ಆದ್ದರಿಂದ ಮೊಕದ್ದಮೆ ರದ್ದು ಮಾಡಿ ಎಂದು ಹೈಕೋರ್ಟಿಗೆ ಹೋಗುವವರು ಬಹಳ. 2012ರಲ್ಲಿ ಸುಪ್ರೀಂ ಕೋರ್ಟು, ಕೊಲೆ, ಅತ್ಯಾಚಾರ, ಡಕಾಯಿತಿಯಂಥ ಘೋರ ಅಪರಾಧಗಳನ್ನು ರಾಜಿಯ ಆಧಾರದ ಮೇಲೆ ಹಾಗೆ ರದ್ದುಪಡಿಸಲಾಗದು, ಅವು ಇಡೀ ಸಮಾಜದ ವಿರುದ್ಧದ ಅಪರಾಧಗಳು ಎಂದು ಹೇಳಿತು. ಊರ ಅರಳಿಕಟ್ಟೆಯ ಮೇಲೆ ಕೂತು, ಬಲವಿದ್ದವರು ಬಲವಿಲ್ಲದವರಿಂದ ‘ಆಯಿತು ಬಿಡಿ ಸ್ವಾಮಿ’ ಎನ್ನಿಸಿಕೊಳ್ಳುವ ರಾಜಿ ಪಂಚಾಯಿತಿ ಹೇಗಿರುತ್ತದೆ ಎಂದು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ‘ಆಯಿತು ಬಿಡಿ’ ಮುಟ್ಟಲಾಗದ ಒಂದು ಗೆರೆಯನ್ನು ಇಲ್ಲಿ ‘ಹೇನಸ್’ ಎಳೆಯುತ್ತದೆ.

ಈಗ ನಮ್ಮದೇ ನೆಲದ ಮಾತಿಗೆ ಬರುತ್ತೇನೆ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಬೆಂಕಿ ಇಟ್ಟು ಏಳು ಮಂದಿ ದಲಿತರನ್ನು ಕೊಲ್ಲಲಾಯಿತು. ಆಗ ಅದು ಕೋಲಾರ ಜಿಲ್ಲೆ. 2007ರಲ್ಲಿ ಜಿಲ್ಲೆ ಒಡೆದ ಮೇಲೆ ಚಿಕ್ಕಬಳ್ಳಾಪುರಕ್ಕೆ ಸೇರಿತು. ಸಾಕ್ಷಿಗಳು ಪ್ರತಿಕೂಲವಾದರು. 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಖುಲಾಸೆ ಮಾಡಿತು. 2014ರಲ್ಲಿ ಹೈಕೋರ್ಟು ಆ ಖುಲಾಸೆಯನ್ನು ಎತ್ತಿಹಿಡಿಯಿತು. ‘ಕೊಲ್ಲಲಾಯಿತು’ ಎಂದು ನಾನು ಹೇಳಿದ ವಾಕ್ಯದಲ್ಲಿ ಕರ್ತೃವಿಲ್ಲ, ಇಡುವ ಅಧಿಕಾರ ನನಗಿಲ್ಲ. ನ್ಯಾಯಾಲಯ ಬಿಡುಗಡೆ ಮಾಡಿದವರನ್ನು ನಾವು ಅಪರಾಧಿಗಳೆನ್ನುವಂತಿಲ್ಲ. ಹಾಗಾದರೆ ನಮ್ಮ ಖಂಡನೆಯೂ ಖುಲಾಸೆಯಾಯಿತೇ? ಆಗಿಲ್ಲ. ಇಂಥಲ್ಲಿಯೇ ಈ ಪದದ ಸ್ವಭಾವ ಸ್ಪಷ್ಟವಾಗಿ ತಿಳಿಯುತ್ತದೆ. ಅದು ವ್ಯಕ್ತಿಗೆ ಅಂಟುವ ಪದವಾಗಿದ್ದರೆ, ವ್ಯಕ್ತಿ ಸಿಗದ ದಿನ ನಾವು ಮೂಕರಾಗಬೇಕಿತ್ತು. ಕೃತ್ಯಕ್ಕೆ ಅಂಟುವ ಪದವಾದ್ದರಿಂದ, ಕಂಬಾಲಪಲ್ಲಿಯಲ್ಲಿ ಆದದ್ದು ‘ಹೇನಸ್ ಆಕ್ಟ್’ ಎಂದು ಇಂದೂ, ಯಾವ ಹೆಸರನ್ನೂ ಹೇಳದೆ, ಯಾವ ತೀರ್ಪನ್ನೂ ಮೀರದೆ, ಪೂರ್ಣ ಜವಾಬ್ದಾರಿಯಿಂದ ಬರೆಯಬಹುದು. ಬರೆಯಬೇಕು. ಏಳು ಜನ ಬೆಂಕಿಯಲ್ಲಿ ಸತ್ತದ್ದನ್ನು ‘ದುರ್ಘಟನೆ’ ಎಂದು ಬರೆಯುವ ಸೌಮ್ಯತೆ ಸತ್ತವರಿಗೆ ಮಾಡುವ ಇನ್ನೊಂದು ಅನ್ಯಾಯ.

‘ಅನ್ಯಾಯ’ ಎಂದೆ. ‘ಹೇನಸ್’ ಮುಟ್ಟಲಾರದ ಒಂದು ಸಂಗತಿಯಿದೆ, ಅದಕ್ಕೆ ಇಂಗ್ಲಿಷಿನಲ್ಲಿ ಬೇರೊಂದು ಪದ ಕಲಿಯಬೇಕು. ಇಲ್ಲಿಂದ ಹೆಚ್ಚು ದೂರವಿಲ್ಲದ ಕೆಜಿಎಫ್‌ನಲ್ಲಿ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಆ ಗಣಿಗಳ ಊರಿನಲ್ಲಿ ಒಣ ಶೌಚಾಲಯಗಳಿದ್ದವು, ಅವನ್ನು ಕೈಯಿಂದ ಬಳಿಯುವ ಕೆಲಸ ಹುಟ್ಟಿನಿಂದ ಗೊತ್ತುಮಾಡಿದ ಕೆಲವು ಮನೆಗಳಿಗೆ ಸೇರಿತ್ತು. ಅಂಥ ಒಂದು ಮನೆಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅದರ ವಿರುದ್ಧ ದೇಶದ ಉದ್ದಗಲಕ್ಕೂ ಹೋರಾಟ ಕಟ್ಟಿದರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮಲ ಬಳಿಸುವ ಪದ್ಧತಿಯಲ್ಲಿ ಅಪರಾಧಿ ಯಾರು? ಗುತ್ತಿಗೆದಾರನೇ, ಅಧಿಕಾರಿಯೇ, ಆ ಶೌಚಾಲಯವನ್ನು ಬಳಸಿದವರೇ, ಅದನ್ನು ಸಹಜವೆಂದು ಒಪ್ಪಿದ ಎಲ್ಲರೇ? ‘ಹೇನಸ್’ ಒಂದು ಕೈಯನ್ನು ಹುಡುಕುತ್ತದೆ. ಇಲ್ಲಿ ಕೈಗಳು ಲೆಕ್ಕಕ್ಕೆ ಸಿಗುವುದಿಲ್ಲ.

2013ರಲ್ಲಿ ಸಂಸತ್ತು ಮಲಹೊರುವ ಪದ್ಧತಿಯನ್ನು ನಿಷೇಧಿಸುವ ಹೊಸ ಕಾಯ್ದೆಯನ್ನು ಬರೆಯುವಾಗ ಅದರ ಪೀಠಿಕೆಯಲ್ಲಿ ಆ ಪದ್ಧತಿಯನ್ನು ಮನುಷ್ಯತ್ವವನ್ನೇ ಕಳೆಯುವಂಥದ್ದು ಎಂದು ಕರೆದು, ಅದರ ಬೇರನ್ನು ‘ಹೈಲಿ ಇನಿಕ್ವಿಟಸ್’ ಆದ ಜಾತಿ ವ್ಯವಸ್ಥೆಯಲ್ಲಿ ಗುರುತಿಸಿತು. ‘ಇನಿಕ್ವಿಟಸ್’ ಎಂಬ ಈ ಪದ ನಮಗೆ ಕಷ್ಟವಾಗಬಾರದು. ಲ್ಯಾಟಿನ್ನಿನಲ್ಲಿ ಸಮ, ನ್ಯಾಯ ಎಂಬರ್ಥದ ಪದಕ್ಕೆ ನಿಷೇಧಾರ್ಥದ ಪೂರ್ವಪ್ರತ್ಯಯ ಸೇರಿ ಆದದ್ದು, ನಮ್ಮ ‘ನ್ಯಾಯ’ಕ್ಕೆ ‘ಅ’ ಸೇರಿ ‘ಅನ್ಯಾಯ’ವಾದಂತೆ. ಅದರ ಪಕ್ಕದಲ್ಲೇ ಇರುವ ‘ಇನೆಕ್ವಿಟಬಲ್’ ಎಂಬುದೂ ಅದೇ ಬೇರಿನದು. ಆದರೆ ಅದು ಹಂಚಿಕೆಯ ಅಸಮಾನತೆಯನ್ನು ಹೇಳಿ ನಿಲ್ಲುತ್ತದೆ. ಕೆರೆಯ ನೀರು ಎರಡು ಊರಿಗೆ ಸಮನಾಗಿ ಹರಿಯದಿದ್ದರೆ ‘ಇನೆಕ್ವಿಟಬಲ್’. ಒಂದು ಕೇರಿಯವರು ಕೆರೆಗೆ ಇಳಿಯಲೇಬಾರದೆಂಬ ಕಟ್ಟಳೆ ‘ಇನಿಕ್ವಿಟಸ್’. ಒಂದು ದೇಶದ ಸಂಸತ್ತು ತನ್ನ ಸಮಾಜದ ವ್ಯವಸ್ಥೆಯ ಬಗ್ಗೆ ತನ್ನದೇ ಕಾಯ್ದೆಯಲ್ಲಿ ಇಂಥ ವಿಶೇಷಣವನ್ನು ಬಳಸಿತು ಎಂಬುದನ್ನು ಕಾನೂನು ವಿದ್ಯಾರ್ಥಿಗಳು ಕಂಠಪಾಠ ಮಾಡಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಹತ್ತು ಲಕ್ಷ ರೂಪಾಯಿ ಪರಿಹಾರವೆಂದು 2014ರಲ್ಲಿ ಹೇಳಿದ ಸುಪ್ರೀಂ ಕೋರ್ಟು 2023ರಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಬೇಕಾಯಿತು ಎಂದರೆ, ಸಾವುಗಳು ನಿಂತಿಲ್ಲ ಎಂದೇ ಅರ್ಥ. ಅಂಥ ಒಂದೊಂದು ಸಾವಿನಲ್ಲೂ, ಬಲ್ಲವನಾಗಿ ಮನುಷ್ಯನನ್ನು ಆ ಗುಂಡಿಗೆ ಇಳಿಸಿದ ಒಬ್ಬನಿರುತ್ತಾನೆ, ಮತ್ತು ಅಲ್ಲಿ ‘ಹೇನಸ್’ ಮತ್ತೆ ಕೆಲಸಕ್ಕೆ ಬರುತ್ತದೆ.

ಇಷ್ಟು ಬಲವಾದ ಪದವನ್ನು ವಾಕ್ಯದಲ್ಲಿ ಎಲ್ಲಿ ಇಡಬೇಕು? ನನ್ನ ಅಭಿಪ್ರಾಯದಲ್ಲಿ, ಸಂಗತಿಗಳನ್ನು ಹೇಳಿ ಮುಗಿಸಿದ ಮೇಲೆ. ಹಳೆಯ ಭಾರತೀಯ ದಂಡ ಸಂಹಿತೆಯ 302ನೆಯ ಕಲಮನ್ನು ಓದಿ ನೋಡಿ. ಕೊಲೆ ಮಾಡಿದವನಿಗೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಮತ್ತು ದಂಡ ಎಂದು ಹೇಳುವ ಆ ವಾಕ್ಯದಲ್ಲಿ ಕೊಲೆಯನ್ನು ಬಣ್ಣಿಸುವ ಒಂದು ವಿಶೇಷಣವೂ ಇಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆ ದೌರ್ಜನ್ಯವೆಂದರೇನು ಎಂಬುದನ್ನು ವಿಶೇಷಣಗಳಿಂದ ಹೇಳದೆ, ಬಾಯಿಗೆ ಹೊಲಸು ತುರುಕುವುದು, ಬೆತ್ತಲೆ ಮೆರವಣಿಗೆ ಮಾಡಿಸುವುದು, ಜಮೀನು ಕಿತ್ತುಕೊಳ್ಳುವುದು ಎಂದು ಕ್ರಿಯಾಪದಗಳಿಂದ ಹೇಳುತ್ತದೆ. ಓದುವವನ ಹೊಟ್ಟೆ ತೊಳಸುವುದು ಆ ಕ್ರಿಯಾಪದಗಳಿಂದಲೇ. ವಿದ್ಯಾರ್ಥಿಗಳ ಬರಹದಲ್ಲಿ ಮೊದಲ ವಾಕ್ಯದಲ್ಲೇ ‘ಮೋಸ್ಟ್ ಹೇನಸ್ ಆ್ಯಂಡ್ ಬಾರ್ಬರಿಕ್’ ಎಂದು ಬಂದುಬಿಟ್ಟರೆ, ಯಾರು ಯಾರಿಗೆ ಏನು ಮಾಡಿದರು ಎಂಬುದು ನಾಲ್ಕನೆಯ ವಾಕ್ಯಕ್ಕೆ ಬರುವ ಹೊತ್ತಿಗೆ ಓದುಗ ದಣಿದಿರುತ್ತಾನೆ. ಎರಡು ಖಂಡನಾ ವಿಶೇಷಣಗಳನ್ನು ಒಟ್ಟಿಗೆ ಕಟ್ಟಿದರೆ ಒಂದರ ಬಲವನ್ನು ಇನ್ನೊಂದು ತಿನ್ನುತ್ತದೆ. ಒಂದು ಸಾಕು, ಅದೂ ಓದುಗ ತಾನಾಗಿ ಆ ತೀರ್ಮಾನದ ಹತ್ತಿರ ಬಂದು ನಿಂತಾಗ.

ಉಪನ್ಯಾಸದ ನಂತರ ಪತ್ರಿಕೋದ್ಯಮದ ವಿದ್ಯಾರ್ಥಿನಿಯೊಬ್ಬರು ಕೇಳಿದರು: ವಿಚಾರಣೆ ಇನ್ನೂ ನಡೆಯುತ್ತಿರುವ ಪ್ರಕರಣದ ವರದಿಯಲ್ಲಿ ಈ ಪದವನ್ನು ಬಳಸಬಹುದೇ ಸರ್, ಅಥವಾ ‘ಅಲೆಜ್ಡ್’ (ಎನ್ನಲಾದ) ಎಂದು ಸೇರಿಸಬೇಕೇ? ನಾನು ಕೊಟ್ಟ ಉತ್ತರವನ್ನು ಇಲ್ಲಿ ಸೇರಿಸುತ್ತೇನೆ. ಯಾವುದು ವಿವಾದದಲ್ಲಿದೆ ಎಂದು ಮೊದಲು ನೋಡಬೇಕು, ತಾಯಿ. ಹೆಣ ಸಿಕ್ಕಿದೆ, ಮರಣೋತ್ತರ ಪರೀಕ್ಷೆ ಅದನ್ನು ಕೊಲೆಯೆಂದು ತೋರಿಸಿದೆ, ಯಾರು ಮಾಡಿದರು ಎಂಬುದಷ್ಟೇ ಪ್ರಶ್ನೆಯಾಗಿದ್ದರೆ, ‘ಅಲೆಜ್ಡ್’ ಎಂಬುದು ಆರೋಪಿಯ ಪಾತ್ರದ ಜೊತೆಗಿರಬೇಕು, ಕೊಲೆಯ ಜೊತೆಗಲ್ಲ; ‘ಹೇನಸ್’ ಎಂಬುದನ್ನು ಕೊಲೆಯ ಪಕ್ಕದಲ್ಲಿ, ಆರೋಪಿಯ ಹೆಸರಿರುವ ವಾಕ್ಯದಿಂದ ಬೇರೆಯಾದ ವಾಕ್ಯದಲ್ಲಿ ಇಡಬಹುದು. ಕೃತ್ಯ ನಡೆಯಿತೇ ಇಲ್ಲವೇ ಎಂಬುದೇ ವಿವಾದವಾಗಿದ್ದರೆ ವರದಿಗಾರ ಆ ವಿಶೇಷಣವನ್ನು ತನ್ನ ಮಾತಾಗಿ ಬಳಸಬಾರದು. ದೂರುದಾರರೋ ಸರ್ಕಾರಿ ವಕೀಲರೋ ನ್ಯಾಯಾಧೀಶರೋ ಅದನ್ನು ಆಡಿದ್ದರೆ, ಅವರ ಮಾತೆಂದು ಉದ್ಧರಣ ಚಿಹ್ನೆಯೊಳಗೆ ಕೊಡಬೇಕು. ಆರೋಪಿ ಹದಿನೆಂಟರೊಳಗಿನವನಾಗಿದ್ದರೆ ಅವನ ಹೆಸರು, ಊರು, ಶಾಲೆ, ಗುರುತು ಹತ್ತಿಸುವ ಯಾವ ವಿವರವನ್ನೂ ಕಾನೂನಿನಂತೆ ಪ್ರಕಟಿಸುವಂತಿಲ್ಲ, ಕೃತ್ಯ ಎಷ್ಟೇ ‘ಹೇನಸ್’ ಆಗಿದ್ದರೂ.